ತೋಟಕ್ಕೊಬ್ಬ ನೀರಗಂಟಿ

ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರಗಂಟಿಯೆಂಬ ಊರ ಸೇವಕನೊಬ್ಬನಿರುತ್ತಿದ್ದನು. ತೂಬನ್ನೆತ್ತಿ, ಇಂದು ಈ ಗದ್ದೆಗೆ, ನಾಳೆ ಆ ಗದ್ದೆಗೆ ಎಂದು ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಎಲ್ಲ ಗದ್ದೆಗೂ ಒಮ್ಮೆಗೇ ನೀರು ತಿರುಗಿಸಿದರೆ ಕಡೆಯ ಗದ್ದೆ ಒಣಗಿಯೇ ಉಳಿಯುವುದೆಂಬುದನ್ನು ಅವನು ಬಲ್ಲವನಾಗಿದ್ದನು. ತುಮಕೂರು, ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಿ ನೂಲಿನೆಳೆಯಂತೆ ಸುರಿಯುವ ನಲ್ಲಿಯನ್ನು ನಂಬಿ ದೊಡ್ಡ ಕಾಯಿಪಲ್ಲೆಯ ತೋಟ ಮಾಡಿಕೊಂಡ ಗೃಹಸ್ಥರಿಗೆ ಬೇಕಾದುದೂ ಅವನ ಈ ವಿವೇಕವೇ.

ನೀರಿನ ಒತ್ತಡ ಎತ್ತರದಿಂದ ಬರುವುದು. 10 ಮೀಟರ್ ಎತ್ತರದಲ್ಲಿ ನಿಂತ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಕೊಡುತ್ತದೆ. ಉದ್ದವಾದ ಸಣ್ಣ ಕೊಳವೆ ಅದನ್ನು ದಾರಿಯಲ್ಲೇ ನುಂಗಿಬಿಡುವುದು. ಹಾಗೆಂದು ಬೀದಿಯ ಕೊಳವೆಗೇ ಮೋಟಾರು ಹೂಡುವುದು ಸಲ್ಲದು. ಅದು ನೆರೆಮನೆಯ ಪಾಲನ್ನು ಸೆಳೆಯುವುದಲ್ಲದೆ, ಕೊಳವೆಯ ಬಿರುಕುಗಳ ಮೂಲಕ ಚರಂಡಿಯ ಕೊಳೆಯನ್ನೂ ಕುಡಿಯುವ ನೀರಿಗೆ ಎಳೆದು ತರಬಲ್ಲುದು.

ಒತ್ತಡ ಕಡಿಮೆಯಾದ ಮಾತ್ರಕ್ಕೆ ನೀರೇ ಇಲ್ಲವೆಂದಲ್ಲ. 15 ಲೀಟರಿನ ಬಕೆಟ್ಟು 3 ನಿಮಿಷದಲ್ಲಿ ತುಂಬುವ ನಲ್ಲಿಯಿಂದ ಎರಡು ಗಂಟೆಗೆ 600 ಲೀಟರು ದೊರೆಯುವುದು. ಒಂದು ಗುಂಟೆಯ ತೋಟಕ್ಕೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದರೆ ಸುಮಾರು 500 ಲೀಟರು ಸಾಕು. ನಲ್ಲಿಯ ಬಾಯಿಗಿಂತ ತಗ್ಗಿನಲ್ಲಿ, ಆದರೆ ತೋಟಕ್ಕಿಂತ ಎತ್ತರದಲ್ಲಿ ಇಟ್ಟ ತೊಟ್ಟಿಯಲ್ಲಿ ಇದನ್ನು ಕೂಡಿಡಬೇಕು. ತೋಟವನ್ನು ನಾಲ್ಕು ಭಾಗ ಮಾಡಿ, ಇಂದು ಎರಡು, ನಾಳೆ ಎರಡು ಎಂದು, ಸಂಜೆಯ ತಂಪಿನಲ್ಲಿ, ದಪ್ಪ ಕೊಳವೆಯಿಂದ ಒಂದೊಂದೇ ಪಾತಿಗೆ ಹಾಯಿಸಬೇಕು. ತುಂತುರು ಚಿಮ್ಮುವ ಸ್ಪ್ರಿಂಕ್ಲರಿಗೆ ಬೇಕಾದಷ್ಟು ಒತ್ತಡ ಪಾತಿಯ ನೀರಿಗೆ ಬೇಕಿಲ್ಲ. ಗಿಡದ ಬುಡಕ್ಕೆ ರಾಗಿ ಹುಲ್ಲಿನ ಇಲ್ಲವೆ ತೆಂಗಿನ ಗರಿಯ ಹೊದಿಕೆ ಹಾಕಿದರೆ ತೇವವೂ ನಿಲ್ಲುವುದು. ಇಷ್ಟಾದ ಮೇಲೂ ನೀರು ಸಾಲದಿದ್ದರೆ, ತೋಟವನ್ನೇ ನೀರಿಗೆ ತಕ್ಕಷ್ಟು ಕಿರಿದು ಮಾಡಿಕೊಳ್ಳುವುದು ಲೇಸು.

ದೊಡ್ಡ ಕಾಲುವೆಗೂ ಇದೇ ನ್ಯಾಯ. ಗೊರೂರಿನ ಜಲಾಶಯದಿಂದ ಹೊರಟ ಹೇಮಾವತಿಯ ನೀರು ಕುಣಿಗಲಿನ ಕೊನೆಯನ್ನು ಮುಟ್ಟುವಷ್ಟರಲ್ಲಿ ಸೊರಗುವುದೆಂಬುದು ಅಲ್ಲಿನವರ ಹಳೆಯ ಕೊರಗು. ನಡುದಾರಿಯಿಂದಲೇ ಕುಣಿಗಲಿನತ್ತ ನೇರವಾದ ಸಂಪರ್ಕ ಕಾಲುವೆ ತೆಗೆಯಹೊರಟಾಗ, ತಮ್ಮ ಪಾಲು ಕುಂದೀತೆಂದು 2025ರಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಪ್ರತಿಭಟನೆಗಿಳಿದರು. ಕೊನೆಯವನ ಬಾಯಾರಿಕೆಯೂ ನಿಜ, ನಡುವಿನವನ ಭಯವೂ ನಿಜ. ಸರದಿ ತಪ್ಪದೆಂಬ ನಂಬಿಕೆ ಇಬ್ಬರಿಗೂ ಬೇಕು. ಹಿತ್ತಲಿನ ನಾಲ್ಕು ಮಡಿಗಳಿಗೆ ಸರದಿ ಕಟ್ಟಿ ನೋಡಿದ ಗೃಹಸ್ಥನಿಗೆ ಇದು ಬೇಗನೆ ಅರ್ಥವಾದೀತು.