ಹೊಸ ಜೈಲು ಆಮೇಲೆ ಕಟ್ಟಿ, ಮೊದಲು ಬಿಡಬೇಕಾದವರನ್ನು ಬಿಡಿ

‘ಜಿಲ್ಲಾ ಜೈಲಲ್ಲಿ ಜಾಗ ಸಾಲುತ್ತಿಲ್ಲ, ಹೊಸ ಕಟ್ಟಡ ಬೇಕು’ ಅನ್ನೋ ಸುದ್ದಿಯನ್ನು ನಾನೇ ಮೂರು ಸಲ ಬರೆದು ಕಳಿಸಿದ್ದೇನೆ. ಮೂರೂ ಅರ್ಧ ಸುದ್ದಿ ಅಂತ ಈಗ ಅನ್ನಿಸುತ್ತಿದೆ.

ಹೋದ ತಿಂಗಳು ಕೋರ್ಟ್ ಆವರಣದ ಜೆರಾಕ್ಸ್ ಅಂಗಡಿ ಮುಂದೆ ಒಬ್ಬ ತಾಯಿ ಕೂತಿದ್ದರು. ಕಳ್ಳತನದ ಕೇಸು, ಮಗನಿಗೆ ಜಾಮೀನು ಸಿಕ್ಕಿ ಐದು ವಾರ. ಆದರೆ ಮಗ ಒಳಗೇ ಇದ್ದಾನೆ. ಶ್ಯೂರಿಟಿಗೆ ಪಹಣಿ ಕೊಡೋರು ಸಿಕ್ಕಿಲ್ಲ. ‘ಕೂಲಿಯೋರನ್ನ ನಂಬಿ ಯಾರಪ್ಪಾ ಪಹಣಿ ಕೊಡ್ತಾರೆ?’ ಅಂದರು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದ ಜಾಗ 4,36,266 ಜನರಿಗೆ. ತುಂಬಿದ್ದು 5,73,220 ಜನರನ್ನು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಇನ್ನೂ ಹೇಳದವರು. ‘ಮಾಡಿದ್ದುಣ್ಣೋ ಮಹರಾಯ’ ಅನ್ನೋರು ಇದಕ್ಕೆ ಏನಂತಾರೆ?

ಜೈಲು ತುಂಬಿದರೆ ಮಲಗೋ ಜಾಗಕ್ಕಷ್ಟೇ ತೊಂದರೆ ಅಲ್ಲ. ಕೋರ್ಟಿಗೆ ಕರೆದೊಯ್ಯಲು ಪೊಲೀಸರು ಸಾಲದಿದ್ದರೆ ವಾಯಿದೆ ಮುಂದೆ ಹೋಗುತ್ತದೆ. ವಾಯಿದೆ ಮುಂದೆ ಹೋದರೆ ಜೈಲು ಇನ್ನಷ್ಟು ತುಂಬುತ್ತದೆ. ಕಟ್ಟಡ ಎರಡರಷ್ಟು ಮಾಡಿದರೂ ಇದು ನಿಲ್ಲುವುದಿಲ್ಲ.

ಕಾನೂನು ಇಲ್ಲವೇ? ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಓದಿ. ಹಿಂದೆ ಯಾವ ಕೇಸಲ್ಲೂ ಶಿಕ್ಷೆಯಾಗದವನು, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮೂರು ವರ್ಷದ ಕಳ್ಳತನಕ್ಕೆ ಒಂದು ವರ್ಷ. ಗಲ್ಲು, ಜೀವಾವಧಿಯ ಕೇಸುಗಳಿಗೆ ಇದಿಲ್ಲ, ಬೇರೆ ಕೇಸು ಬಾಕಿ ಇದ್ದವರಿಗೂ ಇಲ್ಲ. ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲು ಸೂಪರಿಂಟೆಂಡೆಂಟರೇ. ಕೈದಿ ಕೈಮುಗಿದು ಕೇಳಬೇಕಿಲ್ಲ. ಹಳೇ ಕೇಸುಗಳಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲೇ ಹೇಳಿದೆ. ಇಂಥ ಅರ್ಜಿ ಎಷ್ಟು ಹಾಕಿದಿರಿ ಅಂತ ಹೊಸ ಕಟ್ಟಡ ಕೇಳುವ ಸಾಹೇಬರು ಮೊದಲು ಹೇಳಲಿ.

ಜಾಮೀನು ಸಿಕ್ಕೂ ಏಳು ದಿನದಲ್ಲಿ ಹೊರಬರದವರ ವಿಷಯವನ್ನು ಜೈಲಿನವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಇದು 2023ರ ಜನವರಿಯ ಸುಪ್ರೀಂ ಕೋರ್ಟ್ ಆದೇಶ. ಒಂದು ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಬಡ ಕೈದಿಗಳ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ ಇದೆ.

ಊರಿನವರಿಗೂ ಒಂದು ಮಾತು. ಪಹಣಿ ಕೊಟ್ಟ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಆರೋಪಿ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಮಾತ್ರ ಬಾಂಡಿನಲ್ಲಿ ಬರೆದ ಮೊತ್ತದ ಹೊಣೆ ನಿಮ್ಮದು. ನಿಮ್ಮವರು ಯಾರಾದರೂ ಒಳಗಿದ್ದರೆ 15100ಕ್ಕೆ ಫೋನ್ ಮಾಡಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಆ ಜೆರಾಕ್ಸ್ ಅಂಗಡಿಯಿಂದ ಪ್ರಾಧಿಕಾರದ ಕಚೇರಿಗೆ ನಲವತ್ತು ಹೆಜ್ಜೆ. ಐದು ವಾರದಲ್ಲಿ ಆಯಮ್ಮನಿಗೆ ಆ ಬಾಗಿಲನ್ನು ಯಾರೂ ತೋರಿಸಿರಲಿಲ್ಲ, ದಿನಾ ಅಲ್ಲೇ ಟೀ ಕುಡಿಯುವ ನಾನೂ.