ಕಪ್ಪು ಎಂದರೆ ಎಷ್ಟು ಕಪ್ಪು?



2019ನೆಯ ಇಸವಿ ಡಿಸೆಂಬರ್ 26ರಂದು ಘಟಿಸಿದ ಕಂಕಣ ಸೂರ್ಯಗ್ರಹಣ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅಂದು ಗ್ರಹಣದ ಪಥವು ಕಾಸರಗೋಡಿನ ಸೀಮೆಯನ್ನು ಹಾಯ್ದು, ವಯನಾಡನ್ನು ದಾಟಿ, ನಮ್ಮ ನೀಲಗಿರಿಯ ಮೇಲೆ ಬಂದಿತು. ಗಡಿಯಾಚೆಯ ನಮ್ಮವರಲ್ಲಿ ಹಲವರಿಗೆ ಮನೆಯಂಗಳದಲ್ಲಿ ನಿಂತೇ ಬಳೆಯಂತಹ ಸೂರ್ಯನ ದರ್ಶನವಾಯಿತು.

ಶಾಲೆಗೆ ರಜೆಯಿದ್ದರೂ ಆ ಬೆಳಗ್ಗೆ ಮಕ್ಕಳು ಮೈದಾನದಲ್ಲಿ ನೆರೆದಿದ್ದರು. ರಟ್ಟಿಗೆ ಸೂಜಿರಂಧ್ರ ಮಾಡಿ ಬಿಳಿಯ ಕಾಗದದ ಮೇಲೆ ಸೂರ್ಯಬಿಂಬವನ್ನು ಬೀಳಿಸುವ ಏರ್ಪಾಡನ್ನು ನಾವು ಮಾಡಿದ್ದೆವು. ಅಷ್ಟರಲ್ಲಿ ಏಳನೆಯ ತರಗತಿಯ ಬಾಲಕನೊಬ್ಬನು ತನ್ನ ಅಜ್ಜಿಯ ಹಳೆಯ ಎಕ್ಸ್‌ರೇ ಫಿಲ್ಮನ್ನು ಹಿಡಿದು ಓಡಿ ಬಂದು, ಅದನ್ನು ಕಣ್ಣಿಗೆ ಅಡ್ಡವಾಗಿ ಹಿಡಿದು ಆಕಾಶವನ್ನು ನೋಡತೊಡಗಿದನು. ನಾವು ಗಾಬರಿಯಿಂದ ಅದನ್ನು ಕಿತ್ತುಕೊಂಡೆವು. ಹುಡುಗನಿಗೆ ಅಪಮಾನವಾಯಿತು. “ಸಾರ್, ಇದು ಸಾಕಷ್ಟು ಕಪ್ಪಗಿದೆಯಲ್ಲ!” ಎಂದನು. “ಸಾಲದು” ಎಂದೆವು. “ಹಾಗಾದರೆ ಸಾಕಷ್ಟು ಕಪ್ಪು ಎಂದರೆ ಎಷ್ಟು ಸಾರ್?” ಎಂದು ಅವನು ಕೇಳಿದನು.

ಪ್ರಶ್ನೆ ನ್ಯಾಯವಾದುದೇ. ಆದರೆ ಗ್ರಹಣ ಕಾಯುವುದಿಲ್ಲ. ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಆ ಸಾಲವನ್ನು ಈ ತಿಂಗಳ ಅಂಕಣದಲ್ಲಿ ತೀರಿಸಬೇಕೆಂದಿದ್ದೇವೆ. ಏಕೆಂದರೆ ಕಪ್ಪನ್ನು ಅಳೆಯುವ ವಿದ್ಯೆಯೊಂದಿದೆ, ಅದಕ್ಕೆಂದೇ ಸಜ್ಜುಗೊಳಿಸಿದ ಪ್ರಯೋಗಾಲಯಗಳಿವೆ. ಆ ವಿದ್ಯೆಯ ಬೆಲೆಯನ್ನು ನಾವು ಒಮ್ಮೆ ನಮ್ಮ ಮನೆಯಲ್ಲಿಯೇ ಕಂಡುಕೊಂಡಿದ್ದೇವೆ.

2003ರಲ್ಲಿ ನಮ್ಮ ತಂದೆಯವರಿಗೆ ತಿಂಗಳುಗಟ್ಟಲೆ ಕೆಮ್ಮು ಬಿಡಲಿಲ್ಲ. ಪೇಟೆಯ ಒಂದು ಕಡೆ ಎದೆಯ ಎಕ್ಸ್‌ರೇ ತೆಗೆಸಿದೆವು. ಶ್ವಾಸಕೋಶದ ಮೇಲೆಲ್ಲ ಮಂಜು ಕವಿದಂತೆ ಮಸುಕಾಗಿದೆ, ದೊಡ್ಡ ಕಾಯಿಲೆಯಿರಬಹುದು ಎಂಬ ಮಾತು ಬಂದಿತು. ಆ ವಾರ ನಮ್ಮ ಮನೆಯಲ್ಲಿ ಒಲೆ ಉರಿಯಿತೇ ಹೊರತು ಯಾರಿಗೂ ಅನ್ನ ಇಳಿಯಲಿಲ್ಲ. ತಾಯಿಯವರು ದೇವರ ಮುಂದಿನಿಂದ ಏಳಲಿಲ್ಲ. ಬಳಿಕ ಬೇರೊಂದು ಊರಿನ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಎಕ್ಸ್‌ರೇ ತೆಗೆಯುವ ಹಿರಿಯರು ನಮ್ಮ ಹಳೆಯ ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು, ಎದೆಯ ಭಾಗವನ್ನು ನೋಡುವ ಮೊದಲು ಅದರ ಅಂಚನ್ನು ನೋಡಿದರು. “ಮೇಷ್ಟ್ರೇ, ಈ ಅಂಚಿಗೆ ಕಿರಣವೇ ತಾಗಿಲ್ಲ. ಇದು ಹೆಚ್ಚುಕಡಿಮೆ ತಿಳಿಯಾಗಿರಬೇಕಿತ್ತು. ಇಲ್ಲೂ ಬೂದಿಬಣ್ಣವಿದೆ, ನೋಡಿ. ಈ ಮಂಜು ನಿಮ್ಮ ತಂದೆಯವರದಲ್ಲ, ಫಿಲ್ಮಿನದು” ಎಂದರು. ಕತ್ತಲಕೋಣೆಗೆ ಎಲ್ಲಿಂದಲೋ ಬೆಳಕು ಸೋರಿರಬೇಕು, ಇಲ್ಲವೇ ಫಿಲ್ಮು ಹಳತಾಗಿರಬೇಕು. ಹೊಸದಾಗಿ ತೆಗೆದ ಫಿಲ್ಮಿನಲ್ಲಿ ಶ್ವಾಸಕೋಶ ಸ್ವಚ್ಛವಾಗಿ ಕಂಡಿತು. ಕೆಮ್ಮು ಬರಿಯ ಶೀತಬಾಧೆಯದಾಗಿತ್ತು.

ಆ ಹಿರಿಯರ ಗೋಡೆಯ ಮೇಲೆ ಒಂದು ನಕ್ಷೆಯ ಹಾಳೆ ತೂಗುತ್ತಿತ್ತು. ದಿನವೂ ಬೆಳಗ್ಗೆ, ಮೊದಲನೆಯ ರೋಗಿ ಬರುವ ಮುನ್ನ, ಅವರು ಒಂದು ಫಿಲ್ಮಿಗೆ ಗೊತ್ತಾದ ಪ್ರಮಾಣದ ಬೆಳಕನ್ನು ಮೆಟ್ಟಿಲುಮೆಟ್ಟಿಲಾಗಿ ಕೊಟ್ಟು, ತೊಳೆದು, ಕಪ್ಪನ್ನು ಅಳೆದು, ಆ ಹಾಳೆಯಲ್ಲಿ ಚುಕ್ಕಿಯಿಡುತ್ತಿದ್ದರಂತೆ. ಚುಕ್ಕಿಗಳು ನೇರ ಸಾಲಿನಲ್ಲಿದ್ದರೆ ಆ ದಿನದ ಫಿಲ್ಮುಗಳನ್ನು ನಂಬಬಹುದು. ಸಾಲು ತಪ್ಪಿದರೆ ಮೊದಲು ತಮ್ಮ ಕೋಣೆಯನ್ನು ಶೋಧಿಸಬೇಕು. ಚಿತ್ರವೆಂಬುದು ಸಾಕ್ಷಿ. ಸಾಕ್ಷಿಯ ಮಾತನ್ನು ಕೇಳುವ ಮೊದಲು ಸಾಕ್ಷಿಯನ್ನೇ ಪರೀಕ್ಷಿಸಬೇಕು. ಫಿಲ್ಮನ್ನು ಪರೀಕ್ಷಿಸುವ ಪ್ರಯೋಗಾಲಯದ ಸಾರವೆಲ್ಲ ಇಷ್ಟೇ.

ಈ ವಿದ್ಯೆಗೆ ತಳಹದಿ ಹಾಕಿದವರು ಇಂಗ್ಲೆಂಡಿನ ವಿಡ್ನೆಸ್ ಎಂಬ ಕೈಗಾರಿಕಾ ಊರಿನ ಇಬ್ಬರು ಗೆಳೆಯರು. ಒಬ್ಬರು ಸ್ವಿಟ್ಜರ್ಲೆಂಡಿನಿಂದ ಬಂದ ರಸಾಯನಶಾಸ್ತ್ರಜ್ಞ ಫರ್ಡಿನಾಂಡ್ ಹರ್ಟರ್. ಇನ್ನೊಬ್ಬರು ಎಂಜಿನಿಯರ್ ವೀರೋ ಚಾರ್ಲ್ಸ್ ಡ್ರಿಫೀಲ್ಡ್. ಕ್ಷಾರ ತಯಾರಿಸುವ ಉದ್ಯಮದಲ್ಲಿ ದುಡಿಯುತ್ತ, ಬಿಡುವಿನಲ್ಲಿ ಛಾಯಾಚಿತ್ರ ತೆಗೆಯುತ್ತಿದ್ದ ಇವರಿಗೆ ಅಂದಾಜಿನ ಕೆಲಸ ಒಗ್ಗಲಿಲ್ಲ. ಮೇಣದ ಬತ್ತಿಯನ್ನೇ ಬೆಳಕಿನ ಮಾನವಾಗಿಟ್ಟುಕೊಂಡು, ಕಂಡಿ ಕೊರೆದ ತಿರುಗುಚಕ್ರವನ್ನು ಅದರ ಮುಂದಿಟ್ಟು, ಒಂದೇ ಫಲಕದ ಬೇರೆ ಬೇರೆ ಭಾಗಗಳಿಗೆ ಒಂದಕ್ಕೆರಡರಂತೆ ಏರುವ ಬೆಳಕನ್ನು ಕೊಟ್ಟರು. ಮೂಡಿದ ಕಪ್ಪನ್ನು ತಾವೇ ಕಟ್ಟಿದ ಉಪಕರಣದಿಂದ ಅಳೆದರು. 1890ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಛಾಯಾಚಿತ್ರಕಲೆಯು ವಿಜ್ಞಾನದ ಸಾಲಿಗೆ ಸೇರಿತು.

ಅವರು ಕಪ್ಪನ್ನು ಅಳೆದ ಬಗೆ ಸರಳವಾದುದು. ಫಿಲ್ಮಿನ ಮೂಲಕ ಹತ್ತರಲ್ಲಿ ಒಂದು ಪಾಲು ಬೆಳಕು ಹಾಯ್ದರೆ ಅದರ ಸಾಂದ್ರತೆ 1. ನೂರರಲ್ಲಿ ಒಂದು ಪಾಲಾದರೆ 2. ಸಾವಿರದಲ್ಲಿ ಒಂದಾದರೆ 3. ಅರ್ಧ ಬೆಳಕು ಹಾಯ್ದರೆ ಸುಮಾರು 0.3. ನಮ್ಮ ಪ್ರೌಢಶಾಲೆಯ ಮಕ್ಕಳು ಬೈದುಕೊಳ್ಳುತ್ತ ಕಲಿಯುವ ಲಾಗರಿದಮ್ ಇಲ್ಲಿ ಕಣ್ಣಿಗೆ ಕಾಣುವ ವಸ್ತುವಾಗಿ ನಿಲ್ಲುತ್ತದೆ.

ಇನ್ನು ಇಂತಹ ಪ್ರಯೋಗಾಲಯವನ್ನು ಸಜ್ಜುಗೊಳಿಸುವುದು ಹೇಗೆಂದು ನೋಡೋಣ. ಮೊದಲು ಬೇಕಾದದ್ದು ಧೂಳಿಲ್ಲದ, ಉಷ್ಣತೆ ಮತ್ತು ತೇವ ಏರಿಳಿಯದ ಕೋಣೆ. ಕತ್ತಲಕೋಣೆಯ ಕೆಂಪು ದೀಪವನ್ನೂ ಪರೀಕ್ಷಿಸದೆ ನಂಬತಕ್ಕದ್ದಲ್ಲ. ಆ ದೀಪದಡಿ ಫಿಲ್ಮಿನ ಚೂರೊಂದನ್ನಿಟ್ಟು, ಅದರ ಮೇಲೊಂದು ನಾಣ್ಯವನ್ನಿಟ್ಟು, ಕೆಲವು ನಿಮಿಷ ಬಿಟ್ಟು ತೊಳೆಯಬೇಕು. ನಾಣ್ಯದ ಗುರುತು ಮೂಡಿದರೆ ಆ ದೀಪ ಕಳ್ಳನೆಂದು ತಿಳಿಯಬೇಕು.

ಎರಡನೆಯದು ಸೆನ್ಸಿಟೋಮೀಟರ್. ಇದರಲ್ಲಿ ತೀಕ್ಷ್ಣತೆ ಬದಲಾಗದ ದೀಪ, ಕ್ಷಣ ತಪ್ಪದ ಶಟರು, ಬೆಳಕಿಗೆ ಹಗಲಿನ ಬಣ್ಣ ಕೊಡುವ ಗಾಜು ಮತ್ತು ಮೆಟ್ಟಿಲುಪಟ್ಟಿ ಇರುತ್ತವೆ. ಬಳಕೆಯಲ್ಲಿರುವ ಪಟ್ಟಿಯಲ್ಲಿ 21 ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೆ ಸಾಂದ್ರತೆ 0.15ರಷ್ಟು ಏರುತ್ತದೆ. ಅಂದರೆ ಎರಡು ಮೆಟ್ಟಿಲಿಗೊಮ್ಮೆ ಬೆಳಕು ಅರ್ಧವಾಗುತ್ತದೆ.

ಮೂರನೆಯದು ತೊಳೆಯುವ ವ್ಯವಸ್ಥೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಡೆವಲಪರಿನ ಉಷ್ಣತೆ, ಹೊತ್ತು, ಕಲಕುವ ರೀತಿ ಈ ಮೂರೂ ಪ್ರತಿ ಸಲವೂ ಒಂದೇ ಆಗಿರಬೇಕು. ಒಂದೇ ಅಕ್ಕಿಯನ್ನು ಇಬ್ಬರು ಸೊಸೆಯರು ಬೇಯಿಸಿದರೆ ಅನ್ನ ಎರಡು ತೆರನಾಗುವುದನ್ನು ನಮ್ಮ ಮನೆಗಳಲ್ಲಿ ಕಂಡಿದ್ದೇವೆ. ಹಾಗೆಂದು ಅಕ್ಕಿಯನ್ನು ದೂಷಿಸಲಾಗದು. ಬೆಳಕು ಬಿದ್ದ ಫಿಲ್ಮನ್ನು ಎಷ್ಟು ಹೊತ್ತಿನ ಮೇಲೆ ತೊಳೆದರೆಂಬುದೂ ಫಲವನ್ನು ಬದಲಿಸುತ್ತದೆ. ಆದ್ದರಿಂದ ಆ ಅವಧಿಯನ್ನೂ ಗೊತ್ತುಮಾಡಿಡಬೇಕು.

ನಾಲ್ಕನೆಯದು ಸಾಂದ್ರತೆಯನ್ನು ಓದುವ ಡೆನ್ಸಿಟೋಮೀಟರ್. ಇದನ್ನೂ ಪ್ರಮಾಣಿತ ಫಲಕವೊಂದರೊಡನೆ ಆಗಾಗ ತಾಳೆ ನೋಡುತ್ತಿರಬೇಕು. ಅಳೆಯುವವನನ್ನು ಅಳೆಯುವವನೊಬ್ಬನಿಲ್ಲದಿದ್ದರೆ ಅಳತೆಯೆಲ್ಲ ವ್ಯರ್ಥ.

ಬಿದ್ದ ಬೆಳಕನ್ನು ಅಡ್ಡರೇಖೆಯ ಮೇಲೆ, ಮೂಡಿದ ಸಾಂದ್ರತೆಯನ್ನು ಲಂಬರೇಖೆಯ ಮೇಲೆ ಗುರುತಿಸಿದರೆ ಮಲಗಿದ ಎಸ್ ಅಕ್ಷರದಂತಹ ವಕ್ರರೇಖೆ ಮೂಡುತ್ತದೆ. ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೌಲ್ಯಮಾಪನದ ಪಾಠ ಇದನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ. ಪ್ರಶ್ನೆಪತ್ರಿಕೆ ತೀರ ಕಠಿಣವಾದರೆ ಹಿಂದುಳಿದ ಮಕ್ಕಳೆಲ್ಲರೂ ಸೊನ್ನೆಯಲ್ಲೇ ನಿಲ್ಲುತ್ತಾರೆ, ಅವರವರಲ್ಲಿರುವ ವ್ಯತ್ಯಾಸ ಕಾಣುವುದಿಲ್ಲ. ರೇಖೆಯ ಕಾಲಬೆರಳಿನ ಭಾಗ ಹಾಗೆ. ತೀರ ಸುಲಭವಾದರೆ ಜಾಣರೆಲ್ಲರಿಗೂ ನೂರಕ್ಕೆ ನೂರು. ಭುಜದ ಭಾಗ ಹಾಗೆ. ನಡುವಿನ ಏರಿನಲ್ಲಿ ಮಾತ್ರ ಫಿಲ್ಮು ಒಬ್ಬರನ್ನೊಬ್ಬರಿಂದ ನ್ಯಾಯವಾಗಿ ಬೇರ್ಪಡಿಸುತ್ತದೆ. ಆ ಏರು ಎಷ್ಟು ಕಡಿದಾಗಿದೆಯೆಂಬುದೇ ಫಿಲ್ಮಿನ ವೈದೃಶ್ಯ. ಕಪ್ಪುಬಿಳುಪು ಫಿಲ್ಮಿನ ವೇಗವನ್ನು ಗೊತ್ತುಮಾಡುವುದೂ ಈ ರೇಖೆಯಿಂದಲೇ: ಫಿಲ್ಮಿನ ಹುಟ್ಟುಮಸುಕಿಗಿಂತ 0.10ರಷ್ಟು ಹೆಚ್ಚು ಸಾಂದ್ರತೆ ಮೂಡಲು ಎಷ್ಟು ಬೆಳಕು ಬೇಕಾಯಿತೆಂಬುದನ್ನು ಅಂತರರಾಷ್ಟ್ರೀಯ ಮಾನದಂಡವು ಆಧಾರವಾಗಿ ಹಿಡಿಯುತ್ತದೆ.

ಇಷ್ಟಾದರೂ ಚಿತ್ರದ ಗುಣ ಪೂರ್ತಿ ತಿಳಿದಂತಾಗಲಿಲ್ಲ. ಸೂಕ್ಷ್ಮ ವಿವರಗಳನ್ನು ಎಷ್ಟರ ಮಟ್ಟಿಗೆ ಬಿಡಿಸಿ ತೋರಿಸುತ್ತದೆಂಬುದನ್ನು ಅರಿಯಲು ಮೂರು ಮೂರು ಗೆರೆಗಳ ಗುಂಪುಗಳು ಕಿರಿದಾಗುತ್ತ ಹೋಗುವ ನಕ್ಷೆಯನ್ನು ಚಿತ್ರೀಕರಿಸುತ್ತಾರೆ. ಅಮೆರಿಕದ ವಾಯುಪಡೆಯ 1951ರ ನಕ್ಷೆ ಇವುಗಳಲ್ಲಿ ಪ್ರಸಿದ್ಧವಾದುದು. ಬೆಳ್ಳಿಯ ಕಣಗಳ ಒರಟುತನವನ್ನು ಮೈಕ್ರೋಡೆನ್ಸಿಟೋಮೀಟರಿನಿಂದ ಅಳೆಯುತ್ತಾರೆ. ಅದರ ಇಣುಕುಗಂಡಿ 48 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ತುಸು ಕಿರಿದು. ತೀಕ್ಷ್ಣತೆಯನ್ನು ತಿಳಿಯಲು ಫಿಲ್ಮಿನ ಮೇಲೆ ಅಲಗಿನ ನೆರಳನ್ನು ಬೀಳಿಸಿ, ಕಪ್ಪಿನಿಂದ ಬಿಳುಪಿಗೆ ಎಷ್ಟು ಥಟ್ಟನೆ ಇಳಿಯುತ್ತದೆಂದು ನೋಡುತ್ತಾರೆ. ಹೆಚ್ಚು ಗೆರೆಗಳನ್ನು ಬಿಡಿಸುವ ಫಿಲ್ಮೇ ಕಣ್ಣಿಗೆ ಹೆಚ್ಚು ತೀಕ್ಷ್ಣವಾಗಿ ಕಾಣಬೇಕೆಂದೇನೂ ಇಲ್ಲ. ಆದ್ದರಿಂದ ಕಡೆಯ ಉಪಕರಣವೆಂದರೆ ಸಮಬೆಳಕಿನ ಕೋಣೆಯಲ್ಲಿ ಕುಳಿತು, ಯಾವ ಚಿತ್ರ ಯಾವ ಫಿಲ್ಮಿನದೆಂದು ತಿಳಿಯದೆ ತೀರ್ಪು ಕೊಡುವ ಹತ್ತಾರು ಜನರ ಕಣ್ಣುಗಳು. ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚಿ ಅಂಕ ಕೊಡುವ ನಮ್ಮ ಪದ್ಧತಿಯೇ ಇದು.

ಹಣ ಸಾಲದವರು ಕೊಳ್ಳುವ ಕ್ರಮವನ್ನು ಹೀಗಿಟ್ಟುಕೊಳ್ಳಬಹುದು: ಮೊದಲು ಒಳ್ಳೆಯ ಉಷ್ಣಮಾಪಕ ಮತ್ತು ಗಡಿಯಾರ, ಆಮೇಲೆ ಪ್ರಮಾಣಿತ ಮೆಟ್ಟಿಲುಪಟ್ಟಿ, ಅನಂತರ ಡೆನ್ಸಿಟೋಮೀಟರ್, ದೊಡ್ಡ ಯಂತ್ರಗಳೆಲ್ಲ ಕಡೆಗೆ.

ಇಷ್ಟೆಲ್ಲ ಎಚ್ಚರ ಬೇಕೇ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳಬೇಕು. 1912ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರು ಇಂಗ್ಲೆಂಡಿನಿಂದ ಡಾಕ್ಟರ್ ಮೀಸ್ ಎಂಬ ವಿಜ್ಞಾನಿಯನ್ನು ಕರೆಸಿ ಕೊಡಾಕ್ ಕಂಪನಿಗೆ ಸಂಶೋಧನಾಲಯವನ್ನು ಕಟ್ಟಿಸಿದರು. ಫಿಲ್ಮಿನ ಮೇಲಿನ ಲೇಪಕ್ಕೆ ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ತೆಗೆದ ಜೆಲಟಿನ್ ಬೇಕು. ಒಂದು ಜೆಲಟಿನ್ನಿನಿಂದ ಚುರುಕಾದ ಫಿಲ್ಮು, ಇನ್ನೊಂದರಿಂದ ಮಂದ ಫಿಲ್ಮು ಬರುತ್ತಿದ್ದ ಕಾರಣ ಯಾರಿಗೂ ತಿಳಿಯದು. ಮೀಸ್ ಅವರ ಸಹೋದ್ಯೋಗಿ ಶೆಪ್ಪರ್ಡ್ ಅವರು 1925ರಲ್ಲಿ ಅದನ್ನು ಪತ್ತೆಹಚ್ಚಿದರು. ಜೆಲಟಿನ್ನಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಗಂಧಕದ ಸಂಯುಕ್ತವೇ, ಅಂದರೆ ಸಾಸಿವೆಯ ಘಾಟಿಗೆ ಕಾರಣವಾದ ಎಣ್ಣೆಯ ಅಂಶವೇ, ಫಿಲ್ಮನ್ನು ಚುರುಕುಗೊಳಿಸುತ್ತಿತ್ತು. ದನ ಮೇಯ್ದ ಸಾಸಿವೆಯ ಗಿಡವೂ ಚಿತ್ರದ ಗುಣವನ್ನು ಬದಲಿಸುವುದಾದರೆ, ಪ್ರತಿಯೊಂದು ತಂಡದ ಫಿಲ್ಮನ್ನೂ ಪರೀಕ್ಷಿಸದೆ ಪೆಟ್ಟಿಗೆಗೆ ತುಂಬುವುದು ಹೇಗೆ?

ನಮ್ಮ ನೀಲಗಿರಿಗೆ ಈ ವಿಷಯ ಪರಕೀಯವಲ್ಲ. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪಿತವಾಗಿ, 1967ರಲ್ಲಿ ಉತ್ಪಾದನೆ ಆರಂಭಿಸಿತು. ಇಲ್ಲಿನ ತಂಪುಹವೆ, ಧೂಳಿಲ್ಲದ ಗಾಳಿ ಫಿಲ್ಮಿಗೆ ಹೇಳಿಸಿದಂತಿದ್ದವು. ಇಂದು ಎಂದರೆ ಚಂದ್ರ. ಆ ಹೆಸರಿನ ಎಕ್ಸ್‌ರೇ ಫಿಲ್ಮು, ಛಾಯಾಚಿತ್ರದ ಕಾಗದ ದೇಶದ ಮೂಲೆಮೂಲೆಗೂ ಹೋದವು. ಈಗ ಕಾರ್ಖಾನೆ ಮುಚ್ಚಿದೆ. ಇಂದುನಗರವೆಂಬ ಹೆಸರು ಉಳಿದಿದೆ.

ಫಿಲ್ಮಿನ ಕಾಲ ಮುಗಿಯಿತಲ್ಲ, ಈ ಪುರಾಣವೇಕೆ ಎನ್ನಬಹುದು. ಆಸ್ಪತ್ರೆಗಳಲ್ಲಿ ಈಗ ಹೆಚ್ಚಾಗಿ ಡಿಜಿಟಲ್ ಎಕ್ಸ್‌ರೇ ಬಂದಿದೆಯೆಂಬುದು ನಿಜ. ಆದರೆ ಅಲ್ಲಿಯೂ ಗೆರೆಗಳ ನಕ್ಷೆಯಿದೆ, ಮೆಟ್ಟಿಲುಗಳ ಪಟ್ಟಿಯಿದೆ, ಪರದೆಯ ಕಪ್ಪುಬಿಳುಪನ್ನು ತಾಳೆ ನೋಡುವ ಕ್ರಮವಿದೆ. ಸಾಕ್ಷಿಯ ವೇಷ ಬದಲಾಗಿದೆ. ಸಾಕ್ಷಿಯನ್ನು ಪರೀಕ್ಷಿಸುವ ಹೊಣೆ ಬದಲಾಗಿಲ್ಲ.

ಇನ್ನು ಆ ಬಾಲಕನ ಪ್ರಶ್ನೆ. ಗ್ರಹಣದ ಕನ್ನಡಕದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷಕ್ಕೆ ಸುಮಾರು ಮೂರು ಪಾಲಿಗಿಂತ ಹೆಚ್ಚು ಹಾಯಬಾರದು. ಅಂದರೆ ಸಾಂದ್ರತೆ 4.5ರಷ್ಟಾದರೂ ಇರಬೇಕು. ಅಜ್ಜಿಯ ಫಿಲ್ಮಿನ ಅತಿ ಕಪ್ಪಾದ ಜಾಗದ ಸಾಂದ್ರತೆ 3 ಇದ್ದಿತೆಂದೇ ಹಿಡಿಯೋಣ. ಅದು ಲಕ್ಷಕ್ಕೆ ನೂರು ಪಾಲನ್ನು ಬಿಡುತ್ತದೆ, ಸುಮಾರು ಮೂವತ್ತು ಪಟ್ಟು ಹೆಚ್ಚು. ಎಲುಬಿನ ಬಿಳಿಯ ಭಾಗವಂತೂ ತೆರೆದ ಕಿಟಕಿ. ಬಣ್ಣದ ಫಿಲ್ಮುಗಳು ಎಷ್ಟೇ ಕಪ್ಪಗೆ ಕಂಡರೂ ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳನ್ನು ಧಾರಾಳವಾಗಿ ಬಿಡುತ್ತವೆ. ಅಕ್ಷಿಪಟಲ ಸುಡುವಾಗ ನೋವು ಕೂಡ ತಿಳಿಯುವುದಿಲ್ಲ. ಆದ್ದರಿಂದ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಹಳೆಯ ಎಕ್ಸ್‌ರೇಗಳನ್ನು ವೈದ್ಯರಿಗೆ ತೋರಿಸಲೆಂದು ಜೋಪಾನವಾಗಿಡಿ, ಸೂರ್ಯನನ್ನು ನೋಡಲೆಂದು ಮಕ್ಕಳ ಕೈಗೆ ಕೊಡಬೇಡಿ.

ನಮ್ಮ ತಂದೆಯವರ ಎರಡು ಫಿಲ್ಮುಗಳೂ ಶಾಲೆಯ ವಿಜ್ಞಾನದ ಕಪಾಟಿನಲ್ಲಿವೆ. ಪ್ರತಿವರ್ಷ ಬೆಳಕಿನ ಪಾಠ ಬಂದಾಗ ಅವೆರಡನ್ನೂ ಕಿಟಕಿಗೆ ಹಿಡಿದು, “ಯಾವುದರಲ್ಲಿ ರೋಗವಿದೆ?” ಎಂದು ಕೇಳುತ್ತೇವೆ. ಮಕ್ಕಳೆಲ್ಲ ಮಸುಕಾದುದರತ್ತ ಬೆರಳು ಮಾಡುತ್ತಾರೆ. ಆಗ ನಾವು ಏನನ್ನೂ ಹೇಳದೆ, ಫಿಲ್ಮಿನ ಅಂಚನ್ನು ನೋಡಿರೆಂದು ತೋರಿಸುತ್ತೇವೆ.