ನೆಕ್ಕಿಕೊಳ್ಳಲಾಗದ ಬೆಕ್ಕಿಗೆ ಬೇಕಿರುವುದು ಶೃಂಗಾರವಲ್ಲ

ಮುದಿ ಬೆಕ್ಕಿನ ಬೆನ್ನು ಸವರುವಾಗ ಕೈಗೆ ಕೂದಲಿನ ಗಂಟು ತಾಗಿದರೆ ಬಹಳಷ್ಟು ಮನೆಗಳಲ್ಲಿ ಮೊದಲು ಹುಡುಕುವುದು ಕತ್ತರಿಯನ್ನು. ಬೆಕ್ಕಿನ ಚರ್ಮ ತೆಳು, ಮೇಲಾಗಿ ಸಡಿಲ. ಗಂಟನ್ನು ಹಿಡಿದೆತ್ತಿದರೆ ಅದರ ಜೊತೆಗೆ ಚರ್ಮವೂ ಎದ್ದು ಬರುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಗಂಟು ತೆಗೆಯಲು ಹೋಗಿ ಚರ್ಮವನ್ನೇ ಕತ್ತರಿಸಿ ಹೊಲಿಗೆ ಹಾಕಿಸಲು ಓಡುವ ಪ್ರಸಂಗ ಪಶುವೈದ್ಯರಿಗೆ ಹೊಸತೇನಲ್ಲ. ನಗರದವರಿಗಾದರೆ ಇನ್ನೊಂದು ದಾರಿಯಿದೆ, ಗ್ರೂಮಿಂಗ್ ಪಾರ್ಲರ್. ಅಲ್ಲಿಂದ ಬೆಕ್ಕು ಘಮಘಮಿಸುತ್ತಾ ಮನೆಗೆ ಬರುತ್ತದೆ. ಅಷ್ಟು ದಿನ ತನ್ನ ಮೈ ತಾನೇ ನೋಡಿಕೊಳ್ಳುತ್ತಿದ್ದ ಪ್ರಾಣಿ ಈಗೇಕೆ ಬಿಟ್ಟಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬೆಕ್ಕಿಗೆ ಸ್ನಾನ ಬೇಡ ಎನ್ನುವ ಹಿರಿಯರ ಮಾತು ಆರೋಗ್ಯವಂತ ಬೆಕ್ಕಿನ ಮಟ್ಟಿಗೆ ಸರಿಯೇ. ಅದರ ನಾಲಿಗೆ ಎಂಥ ಸಾಧನ ಎಂಬುದು ವಿಜ್ಞಾನಿಗಳಿಗೂ ಚೆನ್ನಾಗಿ ತಿಳಿದದ್ದು ಈಚೆಗೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಮನೆಬೆಕ್ಕಿನಿಂದ ಹಿಡಿದು ಹುಲಿ, ಸಿಂಹದವರೆಗೆ ಆರು ಜಾತಿಯ ಪ್ರಾಣಿಗಳ ನಾಲಿಗೆಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ನಾಲಿಗೆಯ ಮೇಲಿನ ಮುಳ್ಳುಗಳು ಗಟ್ಟಿ ಶಂಕುಗಳೆಂಬ ಹಳೆಯ ತಿಳಿವಳಿಕೆ ತಪ್ಪೆಂದು ಅದರಿಂದ ಗೊತ್ತಾಯಿತು. ಅವುಗಳ ತುದಿ ಸೌಟಿನ ಹಾಗೆ ಟೊಳ್ಳು. ಜೊಲ್ಲನ್ನು ತಾನಾಗಿ ಹೀರಿಟ್ಟುಕೊಂಡು, ನೆಕ್ಕುವಾಗ ಕೂದಲಿನ ಬುಡಕ್ಕೆ ಬಿಡುತ್ತದೆ. ಅದೇ ಅಧ್ಯಯನ ಒಂದು ಅಪವಾದವನ್ನೂ ಗುರುತಿಸಿತು: ಪರ್ಷಿಯನ್ ತಳಿ. ಅದರ ಕೂದಲು ಎಷ್ಟು ದಟ್ಟವೆಂದರೆ ನಾಲಿಗೆಯಿಂದ ಒತ್ತಿದರೂ ಮುಳ್ಳು ಚರ್ಮದವರೆಗೆ ಇಳಿಯುವುದಿಲ್ಲ. ನೋಡಲು ಚೆಂದವೆಂದು ಮನುಷ್ಯನೇ ಕೂದಲು ಬೆಳೆಸಿ ರೂಪಿಸಿದ ಬೆಕ್ಕು ತನ್ನ ಮೈಯನ್ನು ತಾನು ಪೂರ್ತಿ ತೊಳೆದುಕೊಳ್ಳಲಾರದು.

ಇದು ಪ್ರಯೋಗಾಲಯದ ಮಾತಷ್ಟೇ ಅಲ್ಲ. ಬ್ರಿಟನ್ನಿನ ಪಶುವೈದ್ಯರ ಬಳಿಗೆ ಬಂದ 3,235 ಪರ್ಷಿಯನ್ ಬೆಕ್ಕುಗಳ ದಾಖಲೆಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅವುಗಳನ್ನು ಅತಿ ಹೆಚ್ಚು ಕಾಡಿದ ತೊಂದರೆ ಕೂದಲಿನದೇ, ಸುಮಾರು ಶೇ 13ರಷ್ಟು ಬೆಕ್ಕುಗಳಲ್ಲಿ. ಅದರ ಹಿಂದೆಯೇ ಒಸಡಿನ ರೋಗ.

ನಾಟಿ ಬೆಕ್ಕಿಗೆ ಈ ಕಷ್ಟ ಬರುವುದು ಸಾಮಾನ್ಯವಾಗಿ ವಯಸ್ಸಿನಿಂದ, ಬೊಜ್ಜಿನಿಂದ ಅಥವಾ ಬಾಯಿಯ ನೋವಿನಿಂದ. ಗಂಟು ಎಲ್ಲಿದೆ ಎಂದು ನೋಡಿದರೇ ಅರ್ಧ ಸುಳಿವು ಸಿಗುತ್ತದೆ. ಎದೆ, ಮುಂಗಾಲು ಚೊಕ್ಕಟವಾಗಿದ್ದು ಸೊಂಟ, ಬಾಲದ ಬುಡದಲ್ಲಿ ಹೊಟ್ಟು, ಜಡೆ ಕಂಡರೆ ಬೆಕ್ಕಿಗೆ ಬೆನ್ನು ತಿರುಚಲು ಆಗುತ್ತಿಲ್ಲ ಎಂದರ್ಥ: ಒಂದೋ ಕೀಲುನೋವು, ಇಲ್ಲವೇ ಅಡ್ಡಬರುವ ಹೊಟ್ಟೆ. ಇಡೀ ಮೈ ಜಿಡ್ಡಾಗಿ, ಜೊತೆಗೆ ಬಾಯಲ್ಲಿ ಜೊಲ್ಲು, ದುರ್ವಾಸನೆ ಇದ್ದರೆ ಹಲ್ಲು, ಒಸಡು ನೋಡಿಸಬೇಕು. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆಗಳಲ್ಲೂ ಮೈಯ ಮೇಲಿನ ಕಾಳಜಿ ತಪ್ಪುತ್ತದೆ.

ಬೆಕ್ಕಿನ ಕೀಲುನೋವನ್ನು ನಾವು ಗಮನಿಸದಿರಲು ಕಾರಣವಿದೆ. ಅದು ನಾಯಿಯಂತೆ ಕುಂಟುವುದು ಕಡಿಮೆ. ಅಟ್ಟ ಹತ್ತುವುದನ್ನು ಸದ್ದಿಲ್ಲದೆ ಬಿಡುತ್ತದೆ, ಅಷ್ಟೇ. ಮನೆಯವರು ‘ವಯಸ್ಸಾಯಿತು, ಪಾಪ’ ಎನ್ನುತ್ತಾರೆ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ನೋಡಿದ ಅಮೆರಿಕದ ವೈದ್ಯರಿಗೆ 90ರಲ್ಲಿ ಕೀಲು ಸವೆತ ಕಂಡಿತ್ತು. ಅದು 2002ರ ಮಾತು. ಬೆಕ್ಕಿನ ಕೀಲುನೋವಿಗೆಂದೇ ಅಲ್ಲಿನ ಔಷಧ ಆಡಳಿತ ಮೊದಲ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಹಾಗೆಂದು ಮನುಷ್ಯರ ನೋವಿನ ಮಾತ್ರೆಯನ್ನು ಬೆಕ್ಕಿಗೆ ಕೊಡುವಂತಿಲ್ಲ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಅದರ ಜೀವ ತೆಗೆಯಬಲ್ಲದು.

ಹಾಗಿದ್ದರೆ ಸ್ನಾನ? ಬೇಕು, ಆದರೆ ಶುಶ್ರೂಷೆಯಾಗಿ. ಹಾಸಿಗೆ ಹಿಡಿದ ರೋಗಿಯನ್ನು ಮನೆಯವರು ದಿನವೂ ಬಚ್ಚಲಿಗೆ ಎತ್ತಿಕೊಂಡು ಹೋಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಬೆಕ್ಕಿಗೂ ಹೆಚ್ಚಿನ ದಿನ ಅಷ್ಟೇ ಸಾಕು: ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಮೆತ್ತನೆ ಬಟ್ಟೆ, ದಿನಕ್ಕೆ ಕೆಲವು ನಿಮಿಷದ ಬಾಚಣಿಗೆ. ಗಂಟು ಸಣ್ಣದಿದ್ದರೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಬಿಡಿಸಬಹುದು. ಬಿಗಿದು ಜಡೆಗಟ್ಟಿದ್ದರೆ ಕ್ಲಿಪ್ಪರ್ ಬೇಕು, ಅದನ್ನು ಹಿಡಿಯಲು ಗೊತ್ತಿರುವವರೂ ಬೇಕು. ನೀರು ಹಾಕುವುದು ಜಡೆ ತೆಗೆದ ಮೇಲೆಯೇ, ನೆನೆದ ಗಂಟು ಇನ್ನಷ್ಟು ಬಿಗಿಯುತ್ತದೆ.

ಹಿಂಭಾಗದ ವಿಷಯದಲ್ಲಿ ಮಾತ್ರ ತಡಮಾಡಬಾರದು. ಮಲ ಅಂಟಿಕೊಂಡು ಒದ್ದೆಯಾಗಿರುವ ಕೂದಲಿಗೆ ನೊಣ ಮೊಟ್ಟೆಯಿಡುತ್ತದೆ, ಒಂದೆರಡು ದಿನದಲ್ಲಿ ಹುಳವಾಗುತ್ತದೆ. ನಮ್ಮ ಮಳೆಗಾಲದಲ್ಲಿ ದನಕರುಗಳ ಹುಣ್ಣಿಗೆ ಹುಳ ಬೀಳುವುದು ಹಳ್ಳಿಯವರಿಗೆಲ್ಲ ಗೊತ್ತು. ಮನೆಯೊಳಗಿನ ಬೆಕ್ಕಿಗೂ ಹಾಗಾಗಬಹುದೆಂದು ಯಾರೂ ಎಣಿಸುವುದಿಲ್ಲ. ಬಾಲದ ಕೆಳಗಿನ, ಹಿಂದೊಡೆಯ ಕೂದಲನ್ನು ಗಿಡ್ಡ ಮಾಡಿಸಿಟ್ಟು, ಕೊಳೆಯಾದಾಗ ಆ ಭಾಗವನ್ನಷ್ಟೇ ತೊಳೆದರೆ ಈ ಗೋಳು ತಪ್ಪುತ್ತದೆ. ಟಬ್ಬಿನ ತಳಕ್ಕೆ ಟವೆಲ್ ಹಾಸಿದರೆ ಕಾಲು ಜಾರದು; ಬೆಕ್ಕಿನ ಅರ್ಧ ಗಲಾಟೆ ಜಾರುವ ಭಯದ್ದು. ಮುಖಕ್ಕೆ ನೀರು ಸುರಿಯಬಾರದು. ಒರೆಸಿ ಪೂರ್ತಿ ಒಣಗುವವರೆಗೆ ಬೆಚ್ಚಗಿಡಬೇಕು. ಹಾಗೇ ಉಗುರನ್ನೂ ನೋಡಿಬಿಡುವುದು ಒಳ್ಳೆಯದು: ಮುದಿ ಬೆಕ್ಕಿನ ಉಗುರು ಬೆಳೆದು ಸುತ್ತಿಕೊಂಡು ಅಂಗಾಲಿಗೇ ಚುಚ್ಚುವುದುಂಟು.

ಬಚ್ಚಲಿನ ಗೂಡಿನಲ್ಲಿ ಇರುವುದನ್ನೆಲ್ಲ ಬೆಕ್ಕಿಗೆ ಬಳಸುವ ಅಭ್ಯಾಸ ಮಾತ್ರ ಅಪಾಯಕಾರಿ. ನೀರಿಗೆ ಹಾಕಿದರೆ ಬೆಳ್ಳಗಾಗುವ, ಘಾಟು ವಾಸನೆಯ ನಂಜುನಾಶಕವಂತೂ ಬೇಡವೇ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ವಿಭಜಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಮದ್ದು ಬೆಕ್ಕಿಗೆ ನಡುಕ, ಅಪಸ್ಮಾರ ತರುತ್ತದೆ. ಟೀ ಟ್ರೀ ಎಣ್ಣೆಯೂ ವಿಷವೇ. ಮೈಗೆ ಹಚ್ಚಿದ್ದು ಸ್ವಲ್ಪವೇ ಆದರೂ ಬೆಕ್ಕು ಅದನ್ನು ನೆಕ್ಕುತ್ತದೆ. ನೆಕ್ಕಲು ಕಷ್ಟಪಡುವ ಬೆಕ್ಕೂ ಒದ್ದೆಯಾದ ಮೇಲೆ ಪ್ರಯತ್ನವನ್ನಂತೂ ಬಿಡುವುದಿಲ್ಲ.

ಇಷ್ಟೆಲ್ಲ ತಿಳಿವಳಿಕೆ ಬೆಕ್ಕು ಸಾಕುವವರಿಗೆ ಎಲ್ಲಿಂದ ಬರಬೇಕು? ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಪರ್ಷಿಯನ್ ಮರಿಗಳ ವ್ಯಾಪಾರ ನಡೆಯುತ್ತಿದೆ. ಸಾವಿರಾರು ರೂಪಾಯಿ ಕೊಟ್ಟು ಮರಿ ಒಯ್ಯುವ ಕುಟುಂಬಕ್ಕೆ ಒಂದು ಡಬ್ಬ ತಿಂಡಿ ಸಿಗಬಹುದು. ಈ ಮರಿಯ ಕೂದಲು ಜೀವಮಾನವಿಡೀ ಬೇರೆಯವರ ಕೈಯಲ್ಲೇ ಬಾಚಿಸಿಕೊಳ್ಳಬೇಕಾದದ್ದು ಎಂದು ಹೇಳುವವರು ಅಪರೂಪ. ಕೇಂದ್ರ ಸರ್ಕಾರದ 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಇಂಥ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು. ನೋಂದಣಿ ಕೊಡುವ ಮಂಡಳಿಯೇ ಒಂದು ಹಾಳೆಯ ಕನ್ನಡ ಕೈಪಿಡಿ ಅಚ್ಚು ಹಾಕಿಸಿ, ಉದ್ದ ಕೂದಲಿನ ಪ್ರತಿ ಮರಿಯ ಜೊತೆಗೂ ಅದನ್ನು ಕೊಡಲೇಬೇಕೆಂದು ಅಂಗಡಿಗಳಿಗೆ ಹೇಳಬಹುದು. ಪಾರ್ಲರ್‌ಗಳ ಮೇಲೂ ಒಂದು ಸಣ್ಣ ಹೊಣೆ ಹೊರಿಸಬೇಕು: ಸೊಂಟದಲ್ಲಿ ಜಡೆಗಟ್ಟಿದ ಎಂಟು, ಹತ್ತು ವರ್ಷದ ಬೆಕ್ಕು ಬಂದಾಗ ಬಿಲ್ಲಿನ ಹಿಂದೆ ‘ವೈದ್ಯರಿಗೆ ತೋರಿಸಿ’ ಎಂದು ಬರೆದುಕೊಡುವುದು.